ಐ ಲವ್ ಯೂ ವೈರಸ್: ತಪ್ಪು ಗೊತ್ತಿತ್ತು, ಕಾನೂನೇ ಇರಲಿಲ್ಲ

ಇವತ್ತು 2000ನೇ ಇಸವಿಯ ಮೇ 4ಕ್ಕೆ ಹೋಗೋಣ.

ಅವತ್ತು ಪ್ರಪಂಚದ ಎಷ್ಟೋ ಆಫೀಸುಗಳಿಗೆ ಒಂದು ಇಮೇಲ್ ಬಂತು. ಸಬ್ಜೆಕ್ಟ್: ‘ಐ ಲವ್ ಯೂ’. ಜೊತೆಗೆ ಪ್ರೇಮಪತ್ರ ಅಂತ ಹೆಸರಿಟ್ಟ ಒಂದು ಫೈಲ್. ಕ್ಲಿಕ್ ಮಾಡಿದ್ರೆ ಕಂಪ್ಯೂಟರ್‌ನಲ್ಲಿದ್ದ ಫೋಟೋಗಳು ಹಾಳು. ಅದೇ ಮೇಲ್ ನಿಮ್ಮ ಅಡ್ರೆಸ್ ಬುಕ್‌ನಲ್ಲಿರೋ ಎಲ್ಲರಿಗೂ ತಾನಾಗೇ ಹೋಗ್ತಿತ್ತು. ಬ್ರಿಟನ್ ಸಂಸತ್ತು ತನ್ನ ಇಮೇಲ್ ವ್ಯವಸ್ಥೆಯನ್ನೇ ಬಂದ್ ಮಾಡಬೇಕಾಯ್ತು.

ತನಿಖೆ ಫಿಲಿಪ್ಪೀನ್ಸ್‌ನ ಮನಿಲಾ ತಲುಪಿತು. ಸಿಕ್ಕಿಬಿದ್ದವನು ಓನೆಲ್ ಡಿ ಗುಜ್ಮನ್, ಕಂಪ್ಯೂಟರ್ ಕಾಲೇಜಿನಲ್ಲಿ ಓದಿದ ಹುಡುಗ. ಬೇರೆಯವರ ಪಾಸ್‌ವರ್ಡ್ ಕದ್ದು ಇಂಟರ್ನೆಟ್ ಬಳಸೋದು ಹೇಗೆ ಅನ್ನೋದೇ ಅವನ ಪ್ರಾಜೆಕ್ಟ್ ಪ್ರಸ್ತಾಪ. ಕಾಲೇಜು ಅದನ್ನ ತಿರಸ್ಕರಿಸಿತ್ತು.

ಸರಿ, ಯಾವ ಸೆಕ್ಷನ್ ಹಾಕೋದು? ವೈರಸ್ ಬಿಡೋದು ಅಪರಾಧ ಅಂತ ಹೇಳೋ ಕಾನೂನೇ ಆ ದೇಶದಲ್ಲಿರಲಿಲ್ಲ. ಕ್ರೆಡಿಟ್ ಕಾರ್ಡ್ ವಂಚನೆ ತಡೆಯೋಕೆ 1998ರಲ್ಲಿ ಮಾಡಿದ್ದ ಕಾಯ್ದೆಯನ್ನ ಹೊಂದಿಸಿ ನೋಡಿದ್ರು, ಹೊಂದಲಿಲ್ಲ. ಜೂನ್‌ನಲ್ಲಿ ಹ್ಯಾಕಿಂಗ್, ವೈರಸ್ ಎರಡಕ್ಕೂ ಶಿಕ್ಷೆ ಇರೋ ಹೊಸ ಕಾಯ್ದೆ ಬಂತು. ಆದ್ರೆ ಕೃತ್ಯ ನಡೆದದ್ದು ಮೇನಲ್ಲಿ! ಆಮೇಲೆ ಮಾಡಿದ ಕಾನೂನಿನಿಂದ ಹಿಂದಿನ ಕೃತ್ಯಕ್ಕೆ ಶಿಕ್ಷೆ ಕೊಡೋ ಹಾಗಿಲ್ಲ ಅಂತ ಫಿಲಿಪ್ಪೀನ್ಸ್ ಸಂವಿಧಾನವೇ ಹೇಳುತ್ತೆ. ಆಗಸ್ಟ್‌ನಲ್ಲಿ ಕೇಸ್ ಕೈಬಿಟ್ರು. ಸುಮಾರು 20 ವರ್ಷ ಆದ್ಮೇಲೆ, ‘ನಾನೇ ಮಾಡಿದ್ದು’ ಅಂತ ಅವನೇ ಬ್ರಿಟಿಷ್ ಪತ್ರಕರ್ತರೊಬ್ಬರ ಮುಂದೆ ಒಪ್ಪಿಕೊಂಡ.

ನಮ್ಮಲ್ಲಿ ಹೇಗಿತ್ತು? ನಮ್ಮ ಐಟಿ ಕಾಯ್ದೆಯೂ ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17ಕ್ಕೆ. ನಮ್ಮ ಸಂವಿಧಾನದ 20(1)ನೇ ವಿಧಿಯೂ ಇದೇ ಮಾತು ಹೇಳುತ್ತೆ: ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನು ಮೀರಿದ್ರೆ ಮಾತ್ರ ಶಿಕ್ಷೆ, ಅದೂ ಅವತ್ತಿದ್ದ ಪ್ರಮಾಣದಷ್ಟೇ.

ಕಾಮರ್ಸ್ ಓದಿದವರಿಗೆ ಒಂದು ಡೌಟ್ ಬರಬಹುದು. 2012ರಲ್ಲಿ ವೊಡಾಫೋನ್ ಪ್ರಕರಣದ ನಂತರ ಸರ್ಕಾರ ಹಿಂದಿನ ವರ್ಷಗಳಿಗೂ ತೆರಿಗೆ ಅನ್ವಯಿಸೋ ತಿದ್ದುಪಡಿ ತಂದಿತ್ತಲ್ವಾ? ಹೌದು, 20(1) ತೆರಿಗೆಗೆ ಅಡ್ಡ ಬರಲ್ಲ. ಅದು ಕಾಯೋದು ಕ್ರಿಮಿನಲ್ ಶಿಕ್ಷೆಯಿಂದ.

ತಪ್ಪು ಮಾಡಿದವನು ತಪ್ಪಿಸಿಕೊಂಡ ಅಂದ್ರೆ ಹೊಟ್ಟೆ ಉರಿಯುತ್ತೆ, ನಿಜ. ಆದ್ರೆ ಈ ರಕ್ಷಣೆ ಇಲ್ಲದಿದ್ರೆ, ನೀವು ಇವತ್ತು ಫಾರ್ವರ್ಡ್ ಮಾಡಿದ ಮೆಸೇಜಿಗೆ ಮುಂದಿನ ವರ್ಷ ಬರೋ ಕಾನೂನಿನಡಿ ಜೈಲಿಗೆ ಹಾಕಬಹುದು. ಡೀಪ್‌ಫೇಕ್ ಸುದ್ದಿ ಬಂದಾಗೆಲ್ಲ ‘ಕಠಿಣ ಕಾನೂನು ತನ್ನಿ’ ಅಂತೀವಲ್ಲ, ತರಲಿ. ಆದ್ರೆ ಅದು ಜಾರಿಯಾದ ದಿನದಿಂದ ಮುಂದಕ್ಕಷ್ಟೇ ಶಿಕ್ಷೆ ಕೊಡೋಕೆ ಸಾಧ್ಯ.