ಋತು ಬದಲಾದಾಗ ಚರ್ಮದ ಆರೈಕೆ

ಡಿಸೆಂಬರ್ ತಿಂಗಳಲ್ಲಿ ಬೀದರ್, ಕಲಬುರಗಿಗಳಲ್ಲಿ ತುಟಿ ಒಡೆದು ಹಿಮ್ಮಡಿ ಬಿರಿಯುವ ದಿನಗಳಲ್ಲೇ ಮಂಗಳೂರಿನವರು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಒಂದೇ ರಾಜ್ಯದಲ್ಲಿ ಇಷ್ಟು ವ್ಯತ್ಯಾಸವಿರುವಾಗ, ತಂಪು ದೇಶಗಳ ನಾಲ್ಕು ಋತುಗಳನ್ನು ಮುಂದಿಟ್ಟುಕೊಂಡು ರೂಪಿಸಿದ ಸೌಂದರ್ಯ ಸಲಹೆಗಳು ಇಲ್ಲಿಗೆ ಹೊಂದುವುದು ಅಪರೂಪ. ಚರ್ಮದ ಆರೈಕೆಯಲ್ಲಿ ಬದಲಾವಣೆ ಮಾಡುವಾಗ ಕ್ಯಾಲೆಂಡರ್‌ಗಿಂತ ಗಾಳಿಯ ತೇವಾಂಶವನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ಚರ್ಮದ ಅತ್ಯಂತ ಹೊರಗಿನ ಪದರವು ದೇಹದ ಬಹುಭಾಗದಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ದಪ್ಪವಿರುತ್ತದೆ. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆಯೂ, ಅವುಗಳ ನಡುವಿನ ಕೊಬ್ಬಿನ ಅಂಶಗಳು ಗಾರೆಯಂತೆಯೂ ಜೋಡಣೆಗೊಂಡಿರುವ ಈ ಗೋಡೆ ದೇಹದೊಳಗಿನ ನೀರನ್ನು ಹಿಡಿದಿಡುತ್ತದೆ. ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ. ಅದರ ಮೇಲೆ ಕುದಿಯುವಂಥ ಬಿಸಿನೀರು ಮತ್ತು ಸಾಬೂನು ಸೇರಿದರೆ ಗಾರೆಯೂ ತೊಳೆದುಹೋಗುತ್ತದೆ. ಚಳಿಗಾಲದಲ್ಲಿ ಸ್ನಾನದ ನಂತರ ಮೊಣಕಾಲಿನ ಕೆಳಭಾಗ ಬೆಳ್ಳಗಾಗಿ ತುರಿಸುವುದಕ್ಕೆ ಇದೇ ಮುಖ್ಯ ಕಾರಣ.

ಆದ್ದರಿಂದ ಚಳಿಗಾಲದಲ್ಲಿ ಮೊದಲು ಬದಲಾಗಬೇಕಾದದ್ದು ಕ್ರೀಮಲ್ಲ, ಸ್ನಾನ. ನೀರು ಉಗುರುಬೆಚ್ಚಗಿದ್ದು, ಸ್ನಾನ ಐದರಿಂದ ಹತ್ತು ನಿಮಿಷಗಳಲ್ಲಿ ಮುಗಿಯಬೇಕು. ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಸೀಮಿತಗೊಳಿಸಿದರೆ ಸಾಕು. ಮೈ ಒರೆಸಿಕೊಂಡ ಕೂಡಲೇ, ತೇವ ಇನ್ನೂ ಆರದಿರುವಾಗಲೇ, ತೇವಕಾರಕವನ್ನು ಹಚ್ಚಬೇಕು. ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆಯಂತಹ ಅಗ್ಗದ ಪದಾರ್ಥಗಳೇ ಕೈಕಾಲುಗಳಿಗೆ ಧಾರಾಳವಾಗಿ ಸಾಕಾಗುತ್ತವೆ. ಮೊಡವೆ ಬರುವ ಮುಖಕ್ಕೆ ಮಾತ್ರ ಎಣ್ಣೆ ಬೇಡ. ವಾಗ್ಭಟನ ‘ಅಷ್ಟಾಂಗಹೃದಯ’ದ ಋತುಚರ್ಯೆಯ ಅಧ್ಯಾಯವೂ ಹೇಮಂತ ಋತುವಿನಲ್ಲಿ ಅಭ್ಯಂಗವನ್ನು ಹೇಳುತ್ತದೆ, ನರಕ ಚತುರ್ದಶಿಯ ಎಣ್ಣೆಸ್ನಾನ ಒಣಹವೆ ಆರಂಭವಾಗುವ ಹೊತ್ತಿಗೇ ಬರುತ್ತದೆ. ಆದರೆ ಎಣ್ಣೆ ಹೋಗಲೆಂದು ಸೀಗೆಪುಡಿಯಿಂದ ಮೈಯನ್ನು ಗಸಗಸ ಉಜ್ಜಿದರೆ ಹಚ್ಚಿದ್ದರ ಪ್ರಯೋಜನ ಬಹುಪಾಲು ಕಳೆದಂತೆಯೇ.

ಬೇಸಿಗೆಯಲ್ಲಿ ದಪ್ಪನೆಯ ಕ್ರೀಮುಗಳನ್ನು ಬದಿಗಿಟ್ಟು ತೆಳುವಾದ ಲೋಷನ್ ಬಳಸಬಹುದು. ಬೆವರುಸಾಲೆಗೆ ಸಡಿಲವಾದ ಹತ್ತಿಯ ಬಟ್ಟೆ ಮತ್ತು ಗಾಳಿಯೇ ಮದ್ದು. ಬೆವರಿನ ರಂಧ್ರಗಳು ಮುಚ್ಚಿಕೊಂಡು ಬರುವ ತೊಂದರೆಗೆ ಎಣ್ಣೆ, ಮುಲಾಮುಗಳನ್ನು ಮೆತ್ತುವುದು ವಿರುದ್ಧ ಚಿಕಿತ್ಸೆಯಾದೀತು. ಇನ್ನು ಬಿಸಿಲು. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ, ನಡುನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡವಿರುವುದರಿಂದ ಅನೇಕರು ಸನ್‌ಸ್ಕ್ರೀನ್ ಮರೆಯುತ್ತಾರೆ. ಮೋಡವು ಬಿಸಿಯನ್ನು ತಡೆದಂತೆ ಅತಿನೇರಳೆ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ. ಎಸ್‌ಪಿಎಫ್ 30ರ ಲೇಪನ ಚರ್ಮವನ್ನು ಕೆಂಪಾಗಿಸುವ ಕಿರಣಗಳಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50ರದ್ದು ಶೇ. 98ರಷ್ಟನ್ನು. ಈ ಒಂದು ಅಂಶಕ್ಕಾಗಿ ಹೆಚ್ಚು ಬೆಲೆ ಕೊಡುವುದಕ್ಕಿಂತ ಸಾಕಷ್ಟು ಪ್ರಮಾಣದಲ್ಲಿ ಹಚ್ಚುವುದು, ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಲೇಸು. ಕೊಡೆ ಅದಕ್ಕಿಂತಲೂ ಅಗ್ಗ.

ನಿಜವಾದ ಅಪಾಯವಿರುವುದು ಮಳೆಗಾಲದಲ್ಲಿ. ತೇವದ ಗಾಳಿ, ಒಣಗದ ಒಳ ಉಡುಪು, ಬಿಗಿಯಾದ ಜೀನ್ಸ್, ಒದ್ದೆ ಬೂಟು ಇವೆಲ್ಲ ಶಿಲೀಂಧ್ರಕ್ಕೆ ಅನುಕೂಲಕರ. ತೊಡೆಸಂದು, ಸೊಂಟ, ಕಂಕುಳುಗಳಲ್ಲಿ ಉಂಗುರದಾಕಾರದ ಅಂಚಿನ ಕೆಂಪು ಕಲೆಯಾಗಿ ಕಾಣಿಸಿಕೊಳ್ಳುವ ಹುಳುಕಡ್ಡಿ ಈ ಕಾಲದಲ್ಲಿ ಮನೆಮಂದಿಗೆಲ್ಲ ಹರಡಬಲ್ಲದು. ನಾಚಿಕೆಯಿಂದ ವೈದ್ಯರಿಗೆ ತೋರಿಸದೆ ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎನ್ನುವವರೇ ಹೆಚ್ಚು. ಆಗ ಕೈಗೆ ಬರುವ ಟ್ಯೂಬಿನಲ್ಲಿ ಶಿಲೀಂಧ್ರನಾಶಕ ಮತ್ತು ಪ್ರತಿಜೈವಿಕದ ಜೊತೆಗೆ ಪ್ರಬಲ ಸ್ಟೀರಾಯ್ಡ್ ಬೆರೆತಿರುವುದುಂಟು. ಸ್ಟೀರಾಯ್ಡ್ ಎರಡು ದಿನಗಳಲ್ಲಿ ತುರಿಕೆಯನ್ನು ಅಡಗಿಸುತ್ತದೆ, ಕೆಂಪನ್ನು ಮಾಯಮಾಡುತ್ತದೆ. ಆದರೆ ಚರ್ಮದ ಪ್ರತಿರೋಧ ಕುಗ್ಗಿ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಟ್ಯೂಬು ಮುಗಿದೊಡನೆ ರೋಗ ಮರಳುತ್ತದೆ, ಮತ್ತೊಂದು ಟ್ಯೂಬು ಬರುತ್ತದೆ. ತಿಂಗಳುಗಟ್ಟಲೆ ಬಳಸಿದವರ ತೊಡೆಯಲ್ಲಿ ಚರ್ಮ ತೆಳುವಾಗಿ ಮೂಡುವ ಬಿರುಕುಗೆರೆಗಳು ಮತ್ತೆ ಪೂರ್ಣವಾಗಿ ಮಾಸುವುದಿಲ್ಲ.

ಭಾರತದ ಚರ್ಮವೈದ್ಯರ ಸಂಘವು ಈ ದುರ್ಬಳಕೆಯ ವಿರುದ್ಧ ಬಹುಕಾಲ ದನಿಯೆತ್ತಿದ ನಂತರ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ‘ಎಚ್’ ವ್ಯಾಪ್ತಿಗೆ ತಂದಿತು. ಸಾಮಾನ್ಯ ಔಷಧಕ್ಕೆ ಮಣಿಯದ ಶಿಲೀಂಧ್ರವೊಂದಕ್ಕೆ 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಡಲಾಯಿತು. ಹೆಸರಿನಲ್ಲಿಯೇ ಭಾರತವಿದೆ, ಹೆಮ್ಮೆಪಡುವ ಸಂಗತಿಯಲ್ಲ. ಕಾನೂನು ಬಂದರೂ ಚೀಟಿ ಕೇಳದ ಅಂಗಡಿಗಳಿವೆ, ಹಿಂದಿನ ವರ್ಷದ ಅರೆಮುಗಿದ ಟ್ಯೂಬನ್ನು ನೆರೆಮನೆಯವರಿಗೆ ಕೊಡುವ ಔದಾರ್ಯವೂ ಇದೆ. ಮುಖ ಬೆಳ್ಳಗಾಗಲೆಂದು ಇಂತಹ ಕ್ರೀಮನ್ನೇ ಹಚ್ಚುವವರಿಗೆ ಮೊಡವೆ, ಅನಗತ್ಯ ಕೂದಲು, ಬಿಸಿಲು ತಾಕಿದರೆ ಉರಿ ಕಾಣಿಸಿಕೊಳ್ಳುತ್ತವೆ.

ಮಳೆಗಾಲದಲ್ಲಿ ಮಾಡಬೇಕಾದದ್ದು ಸರಳ. ಸ್ನಾನದ ಬಳಿಕ ಸಂದುಗಳನ್ನೂ ಕಾಲ್ಬೆರಳ ನಡುವೆಯೂ ಒರೆಸಿ ಒಣಗಿಸಬೇಕು. ಬಿಸಿಲಿಲ್ಲದೆ ಅರೆಬರೆ ಒಣಗಿದ ಒಳ ಉಡುಪಿಗೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಕೊಂಡು ತೊಡಬೇಕು. ಟವೆಲ್ ಪ್ರತಿಯೊಬ್ಬರಿಗೂ ಬೇರೆಯಿರಬೇಕು. ಕಲೆ ಕಂಡರೆ ವೈದ್ಯರಿಗೆ ತೋರಿಸಿ, ಅದು ಮಾಯವಾದ ನಂತರವೂ ಅವರು ಹೇಳಿದಷ್ಟು ದಿನ ಔಷಧ ಮುಂದುವರಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆಯಿದ್ದರೆ ಅವರಿಗೂ ಚಿಕಿತ್ಸೆ ಬೇಕು. ಮನೆಯಲ್ಲಿರುವ ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಬಹುಕಾಲದಿಂದ ಅದನ್ನು ಹಚ್ಚುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಉರಿ, ಕೆಂಪು ಕೆರಳುವ ಸಂಭವವಿರುವುದರಿಂದ, ಟ್ಯೂಬನ್ನೇ ಕೊಂಡೊಯ್ದು ಚರ್ಮವೈದ್ಯರಿಗೆ ತೋರಿಸುವುದು ಕ್ಷೇಮ.