ಮತಗ್ರಂಥಗಳ ತುಲನೆಯಲ್ಲಿ ಸಾಮ್ಯಾಭಾಸ

ದೂರದ ಬೆಟ್ಟಕ್ಕೆ ಕವಿದ ಮಂಜನ್ನು ಹೊಗೆಯೆಂದು ಬಗೆದು, ಅಲ್ಲಿ ಬೆಂಕಿಯುಂಟೆಂದು ಅನುಮಾನಿಸುವವನ ದೃಷ್ಟಾಂತವು ತರ್ಕಶಾಸ್ತ್ರವನ್ನು ಓದಿದವರೆಲ್ಲರಿಗೂ ಪರಿಚಿತವಾದುದು. ಅಲ್ಲಿ ಕಣ್ಣು ಸುಳ್ಳಾಡಲಿಲ್ಲ. ಕಂಡುದು ಹೊಗೆಯಂತೆಯೇ ಇದ್ದಿತು. ಕೆಟ್ಟುದು ಹೇತು. ಬೇರೆ ಬೇರೆ ಮತಗಳ ಗ್ರಂಥಗಳನ್ನು ಹೋಲಿಸಿ ನೋಡುವ ವ್ಯಾಸಂಗದಲ್ಲಿ ಈ ಬಗೆಯ ಪ್ರಮಾದವು ಬಹುಕಾಲದಿಂದ ನಡೆದುಬಂದಿರುತ್ತದೆ. ಹೇತುವಿನಂತೆ ತೋರುವುದಕ್ಕೆ ಹೇತ್ವಾಭಾಸವೆಂದು ಹೆಸರಿರುವಂತೆ, ಇದನ್ನು ಸಾಮ್ಯಾಭಾಸವೆಂದು ಕರೆಯಬಹುದು.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದುಂಟು. ಕ್ರಿ. ಶ. 1869ರಲ್ಲಿ ಬ್ರೆಸ್ಲೌ ನಗರದಲ್ಲಿ ಫ್ರಾಂಟ್ಸ್ ಲೋರಿನ್ಸರನೆಂಬ ಕ್ರೈಸ್ತ ಪಂಡಿತನು ಭಗವದ್ಗೀತೆಯನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಪ್ರಕಟಿಸಿದನು. ಗೀತೆಯನ್ನು ರಚಿಸಿದವನು ಬೈಬಲಿನ ಹೊಸ ಒಡಂಬಡಿಕೆಯನ್ನು ಬಲ್ಲವನಾಗಿದ್ದನೆಂಬುದು ಅವನ ವಾದ. ಅದಕ್ಕೆ ಆಧಾರವಾಗಿ ಅವನು ಎರಡು ಗ್ರಂಥಗಳ ವಾಕ್ಯಗಳನ್ನು ಎದುರುಬದಿರಾಗಿ ಇರಿಸಿ ಮೂರು ವರ್ಗಗಳನ್ನು ಮಾಡಿದನು: ಮಾತು ಬೇರೆಯಾಗಿ ಅರ್ಥವು ಒಂದಾದವು, ಮಾತು ಒಂದಾಗಿ ಅರ್ಥವು ಬೇರೆಯಾದವು, ಎರಡೂ ಒಂದಾದವು. ಇದರಲ್ಲಿ ಎರಡನೆಯ ವರ್ಗವನ್ನು ವಾಚಕರು ಗಮನಿಸಬೇಕು. ಅರ್ಥವು ಕೂಡಿದರೂ ಸಾಕ್ಷ್ಯ, ಕೂಡದಿದ್ದರೂ ಸಾಕ್ಷ್ಯ! ಇಂತಹ ವಾದಿಯನ್ನು ಸೋಲಿಸುವುದು ದುಸ್ಸಾಧ್ಯ. ಆದರೂ ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗರು 1875ರಲ್ಲಿ ಗೀತೆಯ ಇಂಗ್ಲಿಷ್ ಪದ್ಯಾನುವಾದವನ್ನು ಹೊರಡಿಸಿ, ಅದರ ಪೀಠಿಕೆಯಲ್ಲಿ ಈ ವಾದವನ್ನು ಖಂಡಿಸಿದರು. ಮನೆಯಲ್ಲಿಯೇ ಇರುವ ಉಪನಿಷತ್ತುಗಳನ್ನು ತೆರೆದು ನೋಡದೆ ನೆರೆಯೂರಿಗೆ ಸಾಲ ಕೇಳಲು ಹೋದಂತಾಯಿತು ಲೋರಿನ್ಸರನ ಕೆಲಸ.

ಪರದೇಶದವರು ಮಾತ್ರ ಹೀಗೆ ಮಾಡಿದರೆಂದು ಭಾವಿಸುವುದು ಸರಿಯಲ್ಲ. ಫ. ಗು. ಹಳಕಟ್ಟಿಯವರ ಪರಿಶ್ರಮದಿಂದ 1923ರಲ್ಲಿ ‘ವಚನಶಾಸ್ತ್ರಸಾರ’ವು ಬೆಳಕಿಗೆ ಬಂದ ತರುವಾಯ ಶರಣಸಾಹಿತ್ಯದ ಅಭಿಮಾನಿಗಳೂ ಹೋಲಿಕೆಗಳ ಸಂಗ್ರಹಕ್ಕೆ ಕೈಹಾಕಿದರು. ಬಸವಣ್ಣನವರು ಕರ್ನಾಟಕದ ಲೂಥರರಾದರು, ಅನುಭವಮಂಟಪವು ಪಾರ್ಲಿಮೆಂಟಾಯಿತು. ಪ್ರೀತಿಯಿಂದ ಆಡಿದ ಮಾತುಗಳಿವು, ನಿಜ. ಆದರೆ 1517ರಲ್ಲಿ ಮೊದಲಾದ ಲೂಥರನ ಹೋರಾಟವು ಧರ್ಮಗ್ರಂಥವೊಂದೇ ಪರಮಪ್ರಮಾಣವೆಂಬ ನಿಲವಿನ ಮೇಲೆ ನಿಂತುದು. ಶರಣರಾದರೋ ಅನೇಕ ವಚನಗಳಲ್ಲಿ ಗ್ರಂಥಪ್ರಮಾಣಕ್ಕಿಂತ ಅನುಭಾವಕ್ಕೇ ಹಿರಿಮೆಯನ್ನು ಕೊಟ್ಟವರು. ಈ ಹೋಲಿಕೆಯಿಂದ ಬಸವಣ್ಣನವರಿಗೆ ಬಂದ ಗೌರವವೇನೆಂಬುದು ತಿಳಿಯದು. ಕಾಯಕ ದಾಸೋಹಗಳಂತೂ ಅದರಲ್ಲಿ ಕಾಣದಾಗುತ್ತವೆ.

ಇವು ಸುಲಭವಾಗಿ ಬಯಲಾಗುವ ಆಭಾಸಗಳು. ಅಲ್ಲಮಪ್ರಭುಗಳ ‘ಶೂನ್ಯ’ವನ್ನು ನಾಗಾರ್ಜುನಾಚಾರ್ಯನ ‘ಶೂನ್ಯತೆ’ಯೊಡನೆ ಒಂದುಮಾಡುವ ಹೋಲಿಕೆಯು ಅಷ್ಟು ಸುಲಭವಾದುದಲ್ಲ, ಏಕೆಂದರೆ ಇಲ್ಲಿ ಶಬ್ದವು ಒಂದೇ, ಸಂಪರ್ಕವೂ ಅಸಂಭವವಲ್ಲ. ಹರಿಹರನ ಪ್ರಕಾರ ಪ್ರಭುಗಳು ಬಳ್ಳಿಗಾವೆಯವರು. ಆ ಊರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧವಿಹಾರವಿದ್ದುದು ಶಾಸನಗಳಿಂದ ತಿಳಿಯುತ್ತದೆ. ಅಲ್ಲಿಯ ಕಾಳಾಮುಖರ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಆ ಮಠದಲ್ಲಿ ವಿಚಾರಿಸಲ್ಪಡುತ್ತಿದ್ದ ದರ್ಶನಗಳಲ್ಲಿ ಬೌದ್ಧವನ್ನೂ ಎಣಿಸುತ್ತದೆ. ಶೂನ್ಯವೆಂಬ ಮಾತು ಆ ನೆಲದಲ್ಲಿ ಕೇಳಿಬರುತ್ತಿತ್ತೆಂದು ಒಪ್ಪಲು ಅಡ್ಡಿಯಿಲ್ಲ.

ಆದರೆ ಮಾತು ಬಂದ ಮಾತ್ರಕ್ಕೆ ಮತವು ಬಂದಿತೆನ್ನಲಾಗದು. ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಾಪದ್ಧತಿಯು ಉಪಕ್ರಮ, ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿಗಳನ್ನು ನೋಡಬೇಕೆಂದು ವಿಧಿಸುತ್ತದೆ. ಇವುಗಳಲ್ಲಿ ಫಲವೊಂದನ್ನೇ ಹಿಡಿದು ನೋಡಿದರೂ ಭೇದವು ತಿಳಿಯುವುದು. ನಾಗಾರ್ಜುನನಲ್ಲಿ ಶೂನ್ಯತೆಯೆಂದರೆ ಪ್ರತೀತ್ಯಸಮುತ್ಪನ್ನವಾದ ಯಾವುದಕ್ಕೂ ಸ್ವಭಾವವಿಲ್ಲವೆಂಬ ವಿವೇಕ. ಅದೊಂದು ವಸ್ತುವಲ್ಲ, ಅದನ್ನೇ ಒಂದು ದೃಷ್ಟಿಯಾಗಿ ಹಿಡಿದುಕೊಂಡವನು ಅಸಾಧ್ಯನೆಂದು ಅವನು ಎಚ್ಚರಿಸಿರುವನು. ಶರಣರ ಶೂನ್ಯವಾದರೋ ಬಯಲು. ನಿಷ್ಕಲವಾದ ಪರವಸ್ತುವೇ ಅದು. ಅಂಗೈಯ ಇಷ್ಟಲಿಂಗದಿಂದ ತೊಡಗಿ, ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣಸ್ಥಲಗಳನ್ನು ಹಾದು ಐಕ್ಯದಲ್ಲಿ ಅಂಗವು ಲಿಂಗದೊಡನೆ ಸಮರಸವಾಗುವ ನೆಲೆ. ಆದುದರಿಂದಲೇ ಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದು ಹೆಸರು. ಸಂಪಾದಿಸತಕ್ಕ ಶೂನ್ಯವೆಂಬುದು ಮಾಧ್ಯಮಿಕನ ಕಿವಿಗೆ ಅಸಂಗತವಾಗಿ ಕೇಳುವುದು. ಶರಣನಿಗೆ ಅದೇ ಸಾಧನೆಯ ಸರ್ವಸ್ವ. ಎರಡನ್ನೂ ಒಂದೆಂದರೆ ಇಷ್ಟಲಿಂಗವು ಎಸೆಯತಕ್ಕ ಉಪಾಯಮಾತ್ರವಾಗಿ ಉಳಿದು, ಷಟ್‍ಸ್ಥಲವು ಕುಸಿಯುತ್ತದೆ. ಇಂಗ್ಲಿಷ್ ಅನುವಾದಗಳಲ್ಲಿ ಎರಡಕ್ಕೂ ‘ವಾಯ್ಡ್’ ಎಂಬ ಒಂದೇ ಶಬ್ದವನ್ನು ಬಳಸಿದಾಗ ಈ ಭೇದದ ಕುರುಹು ಸಹ ಅಳಿದುಹೋಗುವುದು.

ಇನ್ನೊಂದು ಸಂಗತಿಯುಂಟು. ಶೂನ್ಯಸಂಪಾದನೆಯು ಪ್ರಭುಗಳ ಕಾಲದ ವರದಿಯಲ್ಲ. ಅದನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಹದಿನೈದನೆಯ ಶತಮಾನದವರು; ಆಮೇಲೆ ಗೂಳೂರ ಸಿದ್ಧವೀರಣ್ಣೊಡೆಯರವರೆಗೆ ಅದು ನಾಲ್ಕು ಸಲ ರೂಪುಗೊಂಡಿತು. ವಚನಗಳನ್ನು ಸಂವಾದವಾಗಿ ಹೊಂದಿಸಿದವರು ಸಂಕಲನಕಾರರೇ. ಆ ಸಂವಾದದ ಒಂದು ಮಾತನ್ನು ಕಿತ್ತು ಪರಗ್ರಂಥದ ಮಾತಿನೊಡನೆ ತೂಗುವವನು, ತಾನು ತೂಗುವುದು ಹನ್ನೆರಡನೆಯ ಶತಮಾನದ ವಚನವನ್ನೋ ಹದಿನೈದನೆಯ ಶತಮಾನದ ಜೋಡಣೆಯನ್ನೋ ಎಂದು ಮೊದಲು ನಿಶ್ಚಯಿಸಿಕೊಳ್ಳಬೇಕು. 1961ರಲ್ಲಿ ಸ್ಯಾಮ್ಯುಯೆಲ್ ಸ್ಯಾಂಡ್ಮೆಲ್ ಎಂಬ ಯೆಹೂದಿ ವಿದ್ವಾಂಸರು ಅಮೇರಿಕದ ಬೈಬಲ್ ವಿದ್ವತ್‍ಸಭೆಯ ಅಧ್ಯಕ್ಷಭಾಷಣದಲ್ಲಿ ಇದನ್ನೇ ಹೇಳಿದರು: ಕಿತ್ತು ತಂದ ಎರಡು ವಾಕ್ಯಗಳು ಒಂದರ ಪಕ್ಕದಲ್ಲೊಂದು ಸಮಾನವಾಗಿ ತೋರಿದರೂ, ತಂತಮ್ಮ ಸ್ಥಾನದಲ್ಲಿ ಬೇರೆಯಾಗಿರಬಹುದು. ಈ ಚಟಕ್ಕೆ ಅವರು ‘ಪ್ಯಾರಲೆಲೋಮೇನಿಯಾ’ ಎಂಬ ಹೆಸರನ್ನು ಬಳಸಿದರು. ಸಾಮ್ಯದ ಹುಚ್ಚು ಎಂದರ್ಥ.

ಹೀಗೆಂದು ತುಲನೆಯನ್ನೇ ಬಿಡಬೇಕೆಂದಲ್ಲ. ತಮಿಳುನಾಡಿನ ಅರವತ್ತುಮೂವರು ನಾಯನ್ಮಾರರ ಕಥೆಗಳು ಕನ್ನಡದಲ್ಲಿ ಪುರಾತನರ ಕಥೆಗಳಾಗಿ ಬಂದುದರಲ್ಲಿ ಸಂಶಯವಿಲ್ಲ. ಅಲ್ಲಿ ಹೆಸರು ಕೂಡುತ್ತದೆ, ಕಥೆಯ ನಡೆ ಕೂಡುತ್ತದೆ, ಬಂದ ದಾರಿಯೂ ಕಾಣುತ್ತದೆ. ಭೀಮಕವಿಯ 1369ರ ಕನ್ನಡ ಬಸವಪುರಾಣವು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಿಂದ ಬಂದುದು ಸರ್ವವಿದಿತ. ಇಂತಹ ನಿಜವಾದ ಸಾಮ್ಯದಲ್ಲಿ ಭೇದಗಳೂ ಇತಿಹಾಸವನ್ನು ನುಡಿಯುತ್ತವೆ. ಮಗನನ್ನೇ ಅಡಿಗೆಮಾಡಿ ಜಂಗಮನಿಗೆ ಬಡಿಸಿದ ಶಿರುತ್ತೊಂಡನು ಶೇಕ್ಕಿಳಾರನ ಪೆರಿಯಪುರಾಣದಲ್ಲಿ ವಾತಾಪಿಯನ್ನು ನಾಶಮಾಡಿದ ಪಲ್ಲವರ ಸೇನಾನಿ. ತೆಲುಗು ಕನ್ನಡಗಳಲ್ಲಿ ಅವನೇ ಕಂಚಿಯ ಸಿರಿಯಾಳಸೆಟ್ಟಿ. ವಾತಾಪಿಯೆಂದರೆ ಬಾದಾಮಿ. ಚಾಲುಕ್ಯರ ರಾಜಧಾನಿಯನ್ನು ಕೆಡಿಸಿದ ಆ ಕತ್ತಿಯು ದಾರಿಯಲ್ಲಿ ಎಲ್ಲಿ ಕಳಚಿ, ತಕ್ಕಡಿಯು ಯಾವಾಗ ಕೈಗೆ ಬಂದಿತೆಂಬುದು ವಿದ್ವಾಂಸರು ಹುಡುಕತಕ್ಕ ವಿಷಯವಾಗಿದೆ.