ಕೊಡೈಕಾನಲ್‌ನಲ್ಲಿ ಸೂರ್ಯನನ್ನು ಅಳೆದವರು

2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಹಾರಿದ ಮೇಲೆ, ಭಾರತದ ಸೌರಶೋಧನೆ ಅಂದೇ ಶುರುವಾಯಿತೇನೋ ಎಂಬಂತಹ ಬರಹಗಳು ಹೆಚ್ಚಾಗಿವೆ. ಕೊಡೈಕಾನಲ್ ವೀಕ್ಷಣಾಲಯದ ಮಾತು ಬಂದರೂ ಅದು ಪ್ರವಾಸಿಗರು ನೋಡಿಬರುವ ಹಳೆಯ ಕಟ್ಟಡವಾಗಿ, ಇಲ್ಲವೇ ಎವರ್ಶೆಡ್ ಎಂಬ ಒಂದೇ ಹೆಸರಾಗಿ ಬರುತ್ತದೆ. ಇದು ಚರಿತ್ರೆಯನ್ನು ತಪ್ಪಾಗಿ ಓದುವ ರೀತಿ. ಪಳನಿ ಬೆಟ್ಟಸಾಲಿನಲ್ಲಿ 2343 ಮೀಟರ್ ಎತ್ತರದ ಆ ಜಾಗದಲ್ಲಿ ನಡೆದದ್ದು ಶಾಲಾ ಭೌತವಿಜ್ಞಾನದ ಮೊದಲ ಪಾಠಗಳೇ: ವೇಗ, ಒತ್ತಡ, ಗುರುತ್ವ, ಕಾಂತತ್ವ. ಅಳೆಯಬೇಕಾದ ವಸ್ತು ಮಾತ್ರ 15 ಕೋಟಿ ಕಿಲೋಮೀಟರ್ ದೂರದಲ್ಲಿತ್ತು.

ಈ ಕಥೆ ಶುರುವಾಗುವುದು ಮದ್ರಾಸಿನಲ್ಲಿ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದ ಕಟ್ಟಡ 1792ರಲ್ಲಿ ಎದ್ದಿತು. ನಕ್ಷತ್ರಗಳ ಸ್ಥಾನ ಮತ್ತು ಕಾಲದ ಅಳತೆಯೇ ಅಲ್ಲಿಯ ಮುಖ್ಯ ಕಸುಬು. ಸೂರ್ಯನತ್ತ ಸರ್ಕಾರದ ಗಮನ ತಿರುಗಿಸಿದ್ದು 1876-78ರ ಕ್ಷಾಮ. ಮೈಸೂರು ಸೀಮೆಯ ಹಿರಿಯರು ಧಾತು-ಈಶ್ವರ ಬರ ಎಂದು ನೆನೆಯುತ್ತಿದ್ದುದು ಇದನ್ನೇ. ಸೌರಕಲೆಗಳಿಗೂ ಮುಂಗಾರಿಗೂ ನಂಟಿದ್ದರೆ ಬರವನ್ನು ಮೊದಲೇ ತಿಳಿಯಬಹುದೆಂಬ ಆಸೆ ಅಧಿಕಾರಿಗಳದು. ಅದಕ್ಕೆಂದೇ ಒಂದು ಸೌರ ವೀಕ್ಷಣಾಲಯಕ್ಕಾಗಿ ಖಗೋಳವಿಜ್ಞಾನಿ ಮಿಚಿ ಸ್ಮಿತ್ ಕೊಡೈಕಾನಲ್‌ನಲ್ಲಿ ಜಾಗ ಹುಡುಕಿದರು, 1895ರಲ್ಲಿ ಗವರ್ನರ್ ವೆನ್‌ಲಾಕ್ ಅಡಿಗಲ್ಲು ಹಾಕಿದರು, 1901ರಲ್ಲಿ ವೀಕ್ಷಣೆ ಆರಂಭವಾಯಿತು. ಮಳೆಯ ಮುನ್ಸೂಚನೆ ಕೈಗೂಡಲಿಲ್ಲ. ದಿನವೂ ಸೂರ್ಯನ ಚಿತ್ರ ತೆಗೆಯುವ ಶಿಸ್ತು ಮಾತ್ರ ಉಳಿಯಿತು. ನನ್ನ ಮಟ್ಟಿಗೆ ಅದೇ ದೊಡ್ಡ ಫಲ.

ಜಾನ್ ಎವರ್ಶೆಡ್ 1907ರಲ್ಲಿ ಬಂದರು. ಮರುವರ್ಷ ಅಮೆರಿಕದ ಖಗೋಳವಿಜ್ಞಾನಿ ಹೇಲ್, ಸೌರಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆಯೆಂದು ತೋರಿಸಿದರು. ಕಲೆಯೊಳಗಿನ ಅನಿಲ ಸುಳಿಯಂತೆ ತಿರುಗುತ್ತಿರಬೇಕು ಎಂಬುದು ಆಗಿನ ಊಹೆ. 1909ರ ಜನವರಿ 5ರಂದು ಎವರ್ಶೆಡ್ ರೋಹಿತರೇಖೆಗಳನ್ನು ಪರೀಕ್ಷಿಸಿದಾಗ ಸುಳಿ ಕಾಣಲಿಲ್ಲ. ಅನಿಲ ಕಲೆಯ ನಡುವಿನಿಂದ ಹೊರಕ್ಕೆ, ಸೂರ್ಯನ ಮೇಲ್ಮೈಗೆ ಸಮಾನಾಂತರವಾಗಿ, ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿತ್ತು. 500 ನ್ಯಾನೋಮೀಟರ್ ತರಂಗದೂರದ ರೇಖೆಯಲ್ಲಿ ಈ ವೇಗ ಉಂಟುಮಾಡುವ ಸರಿತ, ಅಂದರೆ ರೇಖೆ ತನ್ನ ಸ್ಥಾನದಿಂದ ಜರುಗುವ ದೂರ, ಕೇವಲ 0.0033 ನ್ಯಾನೋಮೀಟರ್. ಪ್ರಚಲಿತ ಊಹೆಗಿಂತ ತಮ್ಮ ಅಳತೆಯನ್ನು ನಂಬಿದ್ದೇ ಅವರ ದೊಡ್ಡತನ.

ಅದಕ್ಕಿಂತ ಕಷ್ಟದ ಕೆಲಸವನ್ನು ಜನ ಮರೆತಿದ್ದಾರೆ. ಸೂರ್ಯನ ಗುರುತ್ವವನ್ನು ದಾಟಿ ಬರುವ ಬೆಳಕು ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಕೆಂಪಿಗೆ ಸರಿಯಬೇಕೆಂದು ಐನ್‌ಸ್ಟೈನ್ ಹೇಳಿದ್ದರು. ಅಂದರೆ 500 ನ್ಯಾನೋಮೀಟರಿನಲ್ಲಿ 0.001 ನ್ಯಾನೋಮೀಟರ್. ಎವರ್ಶೆಡ್ ಮತ್ತು ಅವರ ಸಹೋದ್ಯೋಗಿ ರಾಯ್ಡ್ಸ್ ಅಂತಹ ಸರಿತವನ್ನು ಕಂಡಿದ್ದರು. ಅದು ಅನಿಲದ ಒತ್ತಡದಿಂದ ಬಂದುದಲ್ಲ, ಅಲ್ಲಿ ಒತ್ತಡ ತೀರಾ ಕಡಿಮೆ ಎಂದೂ ಎವರ್ಶೆಡ್ ವಾದಿಸಿದ್ದರು. ಸೂರ್ಯನ ಬೇರೆ ಮಗ್ಗುಲಿನ ಬೆಳಕನ್ನು ಪರೀಕ್ಷಿಸಲು ಶುಕ್ರನಿಂದ ಪ್ರತಿಫಲಿಸಿದ ಕಿರಣಗಳನ್ನೂ ಬಳಸಿದರು. ಸೂರ್ಯನಲ್ಲಿ ಮೇಲೇಳುವ ಅನಿಲದ ವೇಗ ಮತ್ತು ಗುರುತ್ವದ ಪರಿಣಾಮ ಒಂದರಲ್ಲೊಂದು ಬೆರೆತಿರುವುದರಿಂದ ಅವನ್ನು ಬಿಡಿಸುವುದು ಸುಲಭವಿರಲಿಲ್ಲ. ಅಳತೆಯೆಂದರೆ ಅಂಕಿ ಪಡೆಯುವುದಷ್ಟೇ ಅಲ್ಲ, ಆ ಅಂಕಿಯಲ್ಲಿ ಯಾವ ಕಾರಣದ ಪಾಲು ಎಷ್ಟೆಂದು ಬೇರ್ಪಡಿಸುವುದು.

ಎವರ್ಶೆಡ್ 1923ರಲ್ಲಿ ನಿವೃತ್ತರಾದರು. ರಾಯ್ಡ್ಸ್, ಮೊದಲ ಭಾರತೀಯ ನಿರ್ದೇಶಕ ಎ. ಎಲ್. ನಾರಾಯಣ್, ಬಳಿಕ ಎ. ಕೆ. ದಾಸ್ ಅವರ ಕಾಲದಲ್ಲೂ ದಿನಚರಿ ತಪ್ಪಲಿಲ್ಲ.

1960ರಲ್ಲಿ ವೇಣು ಬಪ್ಪು ನಿರ್ದೇಶಕರಾಗಿ ಬಂದಾಗ ವೀಕ್ಷಣಾಲಯದ ಕಳೆಯೇ ಬದಲಾಯಿತು. ಆ ದಶಕದ ಆರಂಭದಲ್ಲಿ ಗೋಪುರ ದೂರದರ್ಶಕ ಕೆಲಸಕ್ಕೆ ಸಜ್ಜಾಯಿತು. ಗೋಪುರದ ಕನ್ನಡಿಗಳು ಬೆಳಕನ್ನು ಸುಮಾರು 60 ಮೀಟರ್ ಉದ್ದದ ನೆಲದಡಿಯ ಸುರಂಗಕ್ಕೆ ಇಳಿಸುತ್ತವೆ. 36 ಮೀಟರ್ ಸಂಗಮದೂರದ ಮಸೂರ ಸುಮಾರು 34 ಸೆಂಟಿಮೀಟರ್ ವ್ಯಾಸದ ಸೂರ್ಯಬಿಂಬವನ್ನು ಮೂಡಿಸುತ್ತದೆ. ಸೌರ ಭೌತವಿಜ್ಞಾನದಲ್ಲಿ ನಮ್ಮ ತಲೆಮಾರು ಬೆಳೆದದ್ದು ಈ ಬಿಂಬದ ಬೆಳಕಿನಲ್ಲಿ. ಜೆ. ಸಿ. ಭಟ್ಟಾಚಾರ್ಯ ಕಾಂತಕ್ಷೇತ್ರ ಅಳೆಯುವ ಸಾಧನವನ್ನು ಇಲ್ಲೇ ರೂಪಿಸಿದರು.

ಬಪ್ಪು ಮತ್ತು ಓಲಿನ್ ವಿಲ್ಸನ್ 1957ರಲ್ಲೇ ಒಂದು ನಿಯಮ ಪ್ರಕಟಿಸಿದ್ದರು. ನಕ್ಷತ್ರದ ರೋಹಿತದಲ್ಲಿ ಕ್ಯಾಲ್ಸಿಯಂನ ಕೆ ರೇಖೆಯೊಳಗೆ ಮೂಡುವ ಹೊಳಪಿನ ಅಗಲ ಅಳೆದರೆ ಆ ನಕ್ಷತ್ರದ ನಿಜ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರವೂ ತಿಳಿಯುತ್ತದೆ. ಗುರುತ್ವ ಕಡಿಮೆಯಾದಷ್ಟೂ ನಕ್ಷತ್ರದ ವಾತಾವರಣ ಹಿಗ್ಗುತ್ತದೆ, ರೇಖೆ ಅಗಲವಾಗುತ್ತದೆ. ಬಲವೂ ದ್ರವ್ಯದ ಗುಣವೂ ಒಂದೇ ರೇಖೆಯಲ್ಲಿ ಬರೆದಿರುವ ಹಾಗೆ. ಇದಕ್ಕೆ ಸೂರ್ಯನ ಮೇಲೆ ಆಧಾರ ಹುಡುಕಿ, ಬಪ್ಪು ಮತ್ತು ಕೆ. ಆರ್. ಶಿವರಾಮನ್ 1971ರಲ್ಲಿ ವರ್ಣಗೋಳದ ಸಣ್ಣ ಹೊಳಪಿನ ಚುಕ್ಕೆಗಳನ್ನು ಕಾರಣವೆಂದು ತೋರಿಸಿದರು. ನಮ್ಮ ನೆಲದಲ್ಲಿ ನಡೆದ ಸೌರಕೆಲಸದಲ್ಲಿ ಇದಕ್ಕಿಂತ ಸೊಗಸಾದದ್ದು ನನಗೆ ಕಾಣದು. ಅದೇ ವರ್ಷ ವೀಕ್ಷಣಾಲಯ ಭಾರತೀಯ ಖಭೌತ ಸಂಸ್ಥೆಯಾಗಿ ಸ್ವಾಯತ್ತವಾಯಿತು, ಮುಂದೆ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಆದಿತ್ಯದ ಮುಖ್ಯ ಉಪಕರಣವಾದ ಸೌರಕಿರೀಟದರ್ಶಕವನ್ನು ಕಟ್ಟಿದ್ದು ಇದೇ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಆಕಾಶದ ಈ ಕೆಲಸದ ಬೇರು ಬೆಟ್ಟದ ಸುರಂಗದಲ್ಲಿದೆ.

ಕೊಡೈಕಾನಲ್‌ನಲ್ಲಿ ಕ್ಯಾಲ್ಸಿಯಂ ಕೆ ರೇಖೆಯ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳು 1904ರಿಂದ 2007ರವರೆಗೆ, ಹೆಚ್ಚುಕಡಿಮೆ ಒಂದೇ ಬಗೆಯ ಉಪಕರಣದಿಂದ, 60 ಮಿಲಿಮೀಟರ್ ಬಿಂಬವಾಗಿ ದೊರೆತವು. ಈಗ ಅವೆಲ್ಲ ಡಿಜಿಟಲ್ ರೂಪದಲ್ಲಿವೆ. ಸೂರ್ಯನ ಅಕ್ಷಭ್ರಮಣ, ಕಲೆಗಳ ಏರಿಳಿತ, ನೇರಳಾತೀತ ಹೊಳಪಿನ ಬದಲಾವಣೆಗಳನ್ನು ಶತಮಾನದುದ್ದಕ್ಕೂ ಹೋಲಿಸಲು ಜಗತ್ತಿನಲ್ಲಿ ಇಂತಹ ಸರಣಿಗಳು ಬೆರಳೆಣಿಕೆಯಷ್ಟಿವೆ.

ಕೊರತೆಗಳೂ ಇವೆ. ಆರಂಭದ ದಶಕಗಳ ಛಾಯಾಚಿತ್ರ ಫಲಕಗಳಲ್ಲಿ ಹೊಳಪಿನ ಮಾಪನಾಂಕನ ಇಲ್ಲ. ಹೀಗಾಗಿ ಹಳೆಯ ಕಪ್ಪು-ಬಿಳುಪನ್ನು ಅಂಕಿಗೆ ತರುವಾಗ ಇಂದಿನವರು ಪರದಾಡುತ್ತಾರೆ. ಆ ಫಲಕಗಳನ್ನು ದಿನವೂ ತೆಗೆದ ಸಹಾಯಕರು, ಮೆಕ್ಯಾನಿಕ್‌ಗಳ ಪಾಲನ್ನು ಚರಿತ್ರೆಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ದೊಡ್ಡ ಯೋಜನೆಗಳಿಗೆ ಸಿಗುವ ಹಣದ ಒಂದು ಸಣ್ಣ ಪಾಲು ದಿನನಿತ್ಯದ ವೀಕ್ಷಣೆಗೆ ಸಲ್ಲಲೇಬೇಕು. ಒಂದು ದಿನ ತಪ್ಪಿದರೆ ಆ ದಿನದ ಸೂರ್ಯನನ್ನು ಯಾವ ಹಣಕ್ಕೂ ಮರಳಿ ಅಳೆಯಲಾಗದು.

ಭೌತವಿಜ್ಞಾನ ಕಲಿಸುವ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ: ಸ್ಕ್ರೂಗೇಜಿನ ಪಾಠ ಮುಗಿದ ಮೇಲೆ ಈ ಚಿತ್ರಗಳನ್ನು ತರಗತಿಗೆ ತನ್ನಿ. ಒಂದೇ ಸೌರಕಲೆಯ ಸ್ಥಾನವನ್ನು ನಾಲ್ಕು ದಿನದ ಚಿತ್ರಗಳಲ್ಲಿ ಗುರುತಿಸಿ, ಸೂರ್ಯ ಒಂದು ಸುತ್ತಿಗೆ ಎಷ್ಟು ದಿನ ತೆಗೆದುಕೊಳ್ಳುತ್ತಾನೆ ಎಂದು ಮಕ್ಕಳೇ ಲೆಕ್ಕ ಹಾಕಲಿ.